ಮನೆಯಲ್ಲಿ ನುಡಿಸುವ ವಾದ್ಯಗಳು: ಮುಂಬಯಿ, ಪುಣೆ, ಗೋವಾದ ಕನ್ನಡ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ, ಪುಣೆ ಮತ್ತು ಗೋವಾದಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಸಂಗೀತವೆಂದರೆ ಬಹುಮಟ್ಟಿಗೆ ಹಾಡು. ಶನಿವಾರದ ಭಜನೆ, ಶ್ರಾವಣದ ಪೂಜೆಯ ಹಾಡು, ದಾಸರ ಪದ, ವಚನ, ಕರಾವಳಿಯವರ ಯಕ್ಷಗಾನದ ಪದ್ಯ, ಉತ್ತರ ಕರ್ನಾಟಕದವರ ತತ್ವಪದ, ಹೀಗೆ ಎಲ್ಲವೂ ಕಂಠದಿಂದಲೇ ಆರಂಭವಾಗುತ್ತವೆ. ಆದ್ದರಿಂದ ಇಲ್ಲಿನ ಉತ್ತರಗಳೆಲ್ಲ ಒಂದೇ ನಂಬಿಕೆಯಿಂದ ಹೊರಟಿವೆ: ಮನೆಯ ವಾದ್ಯ ಮೊದಲು ಮನೆಯವರ ಕಂಠಕ್ಕೆ ಶ್ರುತಿಯನ್ನೋ ತಾಳವನ್ನೋ ಕೊಡಬೇಕು, ವೇದಿಕೆಯ ಮಾತು ಆಮೇಲೆ. ಆ ಕೆಲಸವನ್ನು ಅಡುಗೆಮನೆಯ ಬಟ್ಟಲು ಮಾಡಿದರೆ ಅದೂ ವಾದ್ಯವೇ.

ಮನೆಗೆ ಮೊದಲು ಕೊಳ್ಳಬೇಕಾದ ವಾದ್ಯ ಯಾವುದು?

ಮನೆಯಲ್ಲಿ ಹಾಡುವವರು ಇದ್ದರೆ ಹಾರ್ಮೋನಿಯಂ ಮತ್ತು ಒಂದು ಜೊತೆ ಕಂಚಿನ ತಾಳ. ಹಾಡುವವರು ಯಾರೂ ಇಲ್ಲದೆ ಮಗುವೊಂದು ಕಲಿಯಲು ಹೊರಟಿದ್ದರೆ, ಆ ಮಗು ಯಾವ ವಾದ್ಯದ ಎದುರು ಹೆಚ್ಚು ಹೊತ್ತು ಕೂರುತ್ತದೆಯೋ ಅದನ್ನೇ ಕೊಳ್ಳುವುದು ಸರಿ. ಒಂದು ಕೋಣೆ, ಒಂದು ಅಡುಗೆಮನೆಯ ಮನೆಯಲ್ಲಿ ವಾದ್ಯವನ್ನು ಅಟ್ಟದ ಮೇಲಿಟ್ಟರೆ ಅದು ಅಲ್ಲೇ ಉಳಿಯುತ್ತದೆ. ನೆಲಕ್ಕೆ ಇಳಿಸಿದ ಕೂಡಲೇ ನುಡಿಸಲು ಬರುವಂಥ, ದಿನವೂ ಕೈಗೆ ಸಿಗುವ ಜಾಗದಲ್ಲಿ ಇಡಬಹುದಾದ ವಾದ್ಯವನ್ನೇ ಆರಿಸಬೇಕು. ಈ ದೃಷ್ಟಿಯಿಂದ ಕಾಂಜಿರ, ತಾಳ, ಕೊಳಲು ಇವೆಲ್ಲ ನಗರದ ಮನೆಗೆ ಒಗ್ಗುವ ವಾದ್ಯಗಳು. ಸಿತಾರಿಗೆ ಮೂಲೆ ಬೇಕು.

ಹಾರ್ಮೋನಿಯಂ ಕೊಳ್ಳುವಾಗ ಏನನ್ನು ಪರೀಕ್ಷಿಸಬೇಕು?

ಮೊದಲು ತಿದಿಯನ್ನು ತುಂಬಿಸಿ, ಯಾವ ಮನೆಯನ್ನೂ, ಅಂದರೆ ಬೆರಳಿನಿಂದ ಒತ್ತುವ ಕಪ್ಪು ಬಿಳಿ ಪಟ್ಟಿಯನ್ನೂ, ಒತ್ತದೆ ಕಿವಿಗೊಟ್ಟು ಕೇಳಬೇಕು. ಗಾಳಿ ಸೋರುವ ಸದ್ದು ಬಂದರೆ, ಅಥವಾ ಒಂದು ಸ್ವರ ತಾನಾಗಿಯೇ ನುಡಿಯುತ್ತಿದ್ದರೆ, ಆ ಪೆಟ್ಟಿಗೆಗೆ ದುರಸ್ತಿ ಬೇಕೆಂದು ಅರ್ಥ. ನಂತರ ಎಡದಿಂದ ಬಲಕ್ಕೆ ಪ್ರತಿಯೊಂದು ಮನೆಯನ್ನೂ ಮೆಲ್ಲಗೆ ಒತ್ತಿ ನೋಡಬೇಕು. ಜೋರಾಗಿ ಗಾಳಿ ಹಾಕಿದಾಗ ಎಲ್ಲ ರೀಡುಗಳೂ (ಗಾಳಿಗೆ ಕಂಪಿಸಿ ಸ್ವರ ಕೊಡುವ ಲೋಹದ ನಾಲಿಗೆಗಳು) ನುಡಿಯುತ್ತವೆ, ಆದರೆ ಕಡಿಮೆ ಗಾಳಿಯಲ್ಲೂ ತಡವಿಲ್ಲದೆ ನುಡಿಯುವುದೇ ಒಳ್ಳೆಯ ರೀಡಿನ ಗುರುತು. ಕೊನೆಗೆ ಮಧ್ಯ ಷಡ್ಜ ಮತ್ತು ತಾರ ಷಡ್ಜಗಳನ್ನು ಒಟ್ಟಿಗೆ ಹಿಡಿದಾಗ ಧ್ವನಿ ನೆಟ್ಟಗೆ ನಿಲ್ಲಬೇಕು. ಅಲೆಯಲೆಯಾಗಿ ಕಂಪಿಸಿದರೆ ಶ್ರುತಿ ಕೆಟ್ಟಿದೆ.

ಮೂರೂವರೆ ಸಪ್ತಕದ, ಎರಡು ಸಾಲು ರೀಡುಗಳಿರುವ ಸಾಮಾನ್ಯ ಪೆಟ್ಟಿಗೆ ಮನೆಗೆ ಧಾರಾಳವಾಗಿ ಸಾಕು. ಮನೆಗಳ ಹಲಗೆಯನ್ನೇ ಸರಿಸಿ ಶ್ರುತಿ ಬದಲಿಸುವ ಸ್ಕೇಲ್ ಚೇಂಜರ್ ಪೆಟ್ಟಿಗೆ ಭಾರವಾಗಿರುತ್ತದೆ, ಬೆಲೆಯೂ ಹೆಚ್ಚು, ಅದರೊಳಗಿನ ಜೋಡಣೆ ಸಡಿಲವಾದರೆ ರಿಪೇರಿಯೂ ಕಷ್ಟ. ಬೇರೆ ಬೇರೆ ಶ್ರುತಿಯ ಹಲವರಿಗೆ ಸಾಥ್ ನೀಡುವವರಿಗೆ ಅದು ಉಪಯುಕ್ತ, ಆದರೆ ಒಂದೇ ಮನೆಯ ಎರಡು ಕಂಠಗಳಿಗಾಗಿ ಅದನ್ನು ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ.

ಹಾರ್ಮೋನಿಯಮ್ಮಿನಲ್ಲಿ ಗಮಕ ಬರುವುದಿಲ್ಲ, ಮಕ್ಕಳ ಕಿವಿ ಕೆಡುತ್ತದೆ ಎನ್ನುತ್ತಾರೆ. ಇದು ನಿಜವೇ?

ಆಕ್ಷೇಪದಲ್ಲಿ ಸತ್ಯವಿದೆ. ಒಂದು ರೀಡು ಒಂದೇ ಸ್ವರವನ್ನು ನುಡಿಯುತ್ತದೆ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಅದರಿಂದ ಸಾಧ್ಯವಿಲ್ಲ. ಸಪ್ತಕವನ್ನು ಹನ್ನೆರಡು ಸಮಭಾಗ ಮಾಡಿ ಶ್ರುತಿ ಮಾಡುವುದರಿಂದ ಅದರ ಗಾಂಧಾರ ತಂಬೂರಿಯಿಂದ ಹೊಮ್ಮುವ ಗಾಂಧಾರಕ್ಕಿಂತ ತುಸು ಮೇಲಿರುತ್ತದೆ. ಇಂಥ ಕಾರಣಗಳನ್ನೇ ಮುಂದಿಟ್ಟು ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಮ್ಮನ್ನು ದೂರವಿಟ್ಟಿತ್ತು. ಆದರೂ ಬೆಳಗಾವಿಯ ರಾಮಭಾವು ಬಿಜಾಪುರೆ ಅವರಂಥ ವಾದಕರು ಈ ಪೆಟ್ಟಿಗೆಯಲ್ಲೇ ರಾಗವನ್ನು ಅರಳಿಸಿ ತೋರಿಸಿದರು. ನಮ್ಮ ಭಜನೆಯ ಮನೆಗಳಂತೂ ಆ ಮೂವತ್ತು ವರ್ಷಗಳಲ್ಲಿ ಒಂದು ದಿನವೂ ಅದನ್ನು ಕೈಬಿಡಲಿಲ್ಲ.

ಮಕ್ಕಳ ವಿಷಯದಲ್ಲಿ ಪಾಲಿಸಬೇಕಾದ ನಿಯಮ ಸರಳವಾಗಿದೆ. ಸ್ವರವನ್ನು ಪತ್ತೆಮಾಡಲು ಹಾರ್ಮೋನಿಯಂ, ಸ್ವರದಲ್ಲಿ ನಿಲ್ಲಲು ತಂಬೂರಿ. ಹಾಡುವಾಗ ಪ್ರತಿಯೊಂದು ಅಕ್ಷರಕ್ಕೂ ಮನೆ ಒತ್ತುತ್ತಾ ಹೋಗುವ ಅಭ್ಯಾಸವೇ ಕಿವಿಯನ್ನು ಸೋಮಾರಿಯಾಗಿಸುತ್ತದೆ.

ಮಳೆಗಾಲದಲ್ಲಿ ಹಾರ್ಮೋನಿಯಮ್ಮಿನ ಮನೆಗಳು ಅಂಟಿಕೊಳ್ಳುತ್ತವೆ. ಏನು ಮಾಡಬೇಕು?

ಜೂನ್ ಎರಡನೆಯ ವಾರದಿಂದ ಸೆಪ್ಟೆಂಬರಿನವರೆಗೆ ಮುಂಬಯಿ ಮತ್ತು ಗೋವಾದ ಗಾಳಿಯಲ್ಲಿರುವ ತೇವವನ್ನು ಮರ ಹೀರಿಕೊಂಡು ಉಬ್ಬುತ್ತದೆ. ಅಕ್ಕಪಕ್ಕದ ಮನೆಗಳ ನಡುವೆ ಇರುವ ಸಂದು ಕಾಗದದ ದಪ್ಪದ್ದು. ಅಷ್ಟು ಉಬ್ಬಿದರೂ ಸಾಕು, ಒತ್ತಿದ ಮನೆ ಮೇಲೇಳದೆ ಪಕ್ಕದ ಮನೆಗೆ ಒರಗಿ ನಿಲ್ಲುತ್ತದೆ, ಅದರ ಕೆಳಗಿನ ಗಾಳಿಯ ಕಿಂಡಿ ಪೂರ್ತಿ ಮುಚ್ಚುವುದಿಲ್ಲ, ತಿದಿ ಹಾಕಿದಾಗಲೆಲ್ಲ ಆ ಸ್ವರ ನುಡಿಯುತ್ತಲೇ ಇರುತ್ತದೆ. ಆಗ ಉಪ್ಪುಕಾಗದ ಹಿಡಿದು ಮನೆಯ ಬದಿಯನ್ನು ಉಜ್ಜಬೇಡಿ. ಡಿಸೆಂಬರಿನಲ್ಲಿ ಮರ ಒಣಗಿ ಕುಗ್ಗಿದಾಗ ಅದೇ ಮನೆ ಸಡಿಲವಾಗಿ ಕಟಕಟ ಎನ್ನಲು ತೊಡಗುತ್ತದೆ, ಉಜ್ಜಿ ತೆಗೆದ ಮರ ಮತ್ತೆ ಬರುವುದಿಲ್ಲ.

ಪೆಟ್ಟಿಗೆಯನ್ನು ಹೊರಗೋಡೆಗೆ ತಾಗಿಸದೆ, ನೆಲದ ಮೇಲಿಡದೆ, ಮಣೆಯ ಮೇಲಿಡುವುದು ಮೊದಲ ಉಪಾಯ. ಒಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನಿಟ್ಟು, ಬಣ್ಣ ಬದಲಾದಾಗ ಅವನ್ನು ಹೊಸದಾಗಿಸುವುದು ಎರಡನೆಯದು. ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಉಪಾಯ ದಿನವೂ ಹದಿನೈದು ನಿಮಿಷ ನುಡಿಸುವುದು. ಗಾಳಿ ಆಡುವ ಪೆಟ್ಟಿಗೆಯಲ್ಲಿ ಬೂಷ್ಟು ಹಿಡಿಯುವುದು ಕಡಿಮೆ, ಜಿರಳೆಯೂ ಮನೆ ಮಾಡುವುದಿಲ್ಲ. ಹೇರ್ ಡ್ರೈಯರ್‌ನ ಬಿಸಿಗಾಳಿ ಹಾಯಿಸಿದರೆ ಅಂಟು ಬಿಟ್ಟು ತಿದಿಯ ಮಡಿಕೆಗಳು ತೆರೆದುಕೊಳ್ಳುತ್ತವೆ. ಸಮುದ್ರದ ಹತ್ತಿರದ ಮನೆಗಳಲ್ಲಿ ಹಿತ್ತಾಳೆ ರೀಡುಗಳಿಗೆ ಹಸಿರು ಕಿಲುಬು ಕಟ್ಟುವುದುಂಟು. ಅದನ್ನು ನೀವೇ ಕೆರೆಯಬಾರದು, ಏಕೆಂದರೆ ರೀಡಿನ ತುದಿಯನ್ನು ಕೆರೆದರೆ ಶ್ರುತಿ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಶ್ರುತಿ ಮಾಡುವ ಕುಶಲಕರ್ಮಿಗಳು ಬಳಸುವ ವಿಧಾನವೂ ಇದೇ.

ಅಂಗಡಿಯವರು ‘ಕಾಳಿ ಏಕ್’ ಬೇಕೋ ‘ಪಾಂಢರಿ ಪಾಚ್’ ಬೇಕೋ ಎಂದು ಕೇಳುತ್ತಾರೆ. ನಮ್ಮ ಶ್ರುತಿಯನ್ನು ಹೇಗೆ ಹೇಳುವುದು?

ಕಾಳಿ ಏಕ್ ಎಂದರೆ ಯಕ್ಷಗಾನದವರ ಕಪ್ಪು ಒಂದು, ಕೀಬೋರ್ಡಿನವರ ಸಿ ಶಾರ್ಪ್. ಪಾಂಢರಿ ಪಾಚ್ ಎಂದರೆ ಬಿಳಿ ಐದು, ಅಂದರೆ ಜಿ. ಸಾಮಾನ್ಯವಾಗಿ ಗಂಡಸರ ಕಂಠ ಬಿಳಿ ಒಂದರಿಂದ ಕಪ್ಪು ಎರಡರ ನಡುವೆ, ಹೆಂಗಸರ ಕಂಠ ಬಿಳಿ ಐದರಿಂದ ಕಪ್ಪು ಐದರ ನಡುವೆ ಕೂರುತ್ತದೆ. ತಬಲಾ ಕೊಳ್ಳುವ ಮೊದಲು ಇದು ತಿಳಿದಿರಲೇಬೇಕು. ಕಪ್ಪು ಒಂದಕ್ಕೆ ಐದೂವರೆ ಇಂಚಿನ ಬಾಯಿಯ ತಬಲಾ ಸಾಮಾನ್ಯ, ಬಾಯಿ ಚಿಕ್ಕದಾದಷ್ಟೂ ಶ್ರುತಿ ಏರುತ್ತದೆ. ಸುತ್ತಿಗೆಯಿಂದ ಹೊಡೆದು ಒಂದು ತಬಲಾದ ಶ್ರುತಿಯನ್ನು ಸ್ವಲ್ಪ ಮಟ್ಟಿಗೆ ಮಾತ್ರ ಏರಿಸಬಹುದು. ಅದಕ್ಕೂ ಮೀರಿ ಎಳೆದರೆ ಪುಡಿ, ಅಂದರೆ ಬಾಯಿಗೆ ಬಿಗಿದ ಚರ್ಮ, ಹರಿಯುತ್ತದೆ.

ಎಲೆಕ್ಟ್ರಾನಿಕ್ ತಂಬೂರಿ ಅಥವಾ ಫೋನಿನ ಆ್ಯಪ್ ಇರುವಾಗ ನಿಜವಾದ ತಂಬೂರಿ ಬೇಕೇ?

ದಿನದ ಅಭ್ಯಾಸಕ್ಕೆ ಯಂತ್ರ ಸಾಕು. ಆದರೆ ಫೋನನ್ನು ಹಾಗೆಯೇ ನೆಲದ ಮೇಲಿಟ್ಟು ಹಾಡಬೇಡಿ. ಅದರ ಪುಟ್ಟ ಸ್ಪೀಕರಿಗೆ ಖರ್ಜದ, ಅಂದರೆ ತಗ್ಗಿನ ಷಡ್ಜದ, ಗಾಂಭೀರ್ಯವನ್ನು ಎತ್ತಿ ಕೊಡಲು ಆಗುವುದಿಲ್ಲ. ಸ್ಟೀಲ್ ಲೋಟದೊಳಗೆ ಇಟ್ಟರೆ ಸದ್ದು ದೊಡ್ಡದಾಗುತ್ತದೆ, ಜೊತೆಗೆ ಕರ್ಕಶವೂ ಆಗುತ್ತದೆ. ಒಂದು ಸಾಧಾರಣ ಬ್ಲೂಟೂತ್ ಸ್ಪೀಕರ್ ಈ ಕೊರತೆಯನ್ನು ನೀಗುತ್ತದೆ.

ನಿಜವಾದ ತಂಬೂರಿಯ ಆಸೆ ಇರುವವರಿಗೆ ದಾರಿ ಹತ್ತಿರದಲ್ಲೇ ಇದೆ. ಹುಬ್ಬಳ್ಳಿಯಿಂದ ಪುಣೆಗೆ ಬರುವ ರೈಲು ಹಾದುಬರುವ ಮೀರಜ್, ಸಾಂಗಲಿ ಜಿಲ್ಲೆಯ ಊರು, ತಂತಿವಾದ್ಯಗಳ ತವರು. 19ನೆಯ ಶತಮಾನದಲ್ಲಿ ಅಲ್ಲಿನ ಶಿಕಲಗಾರ ಮನೆತನದ ಫರೀದ್‌ಸಾಹೇಬರಿಂದ ಆರಂಭವಾದ ಕಸುಬನ್ನು ಅವರ ವಂಶದವರು ಇಂದಿಗೂ ನಡೆಸುತ್ತಿದ್ದಾರೆ. ಪಂಢರಪುರದ ಸುತ್ತ ಬೆಳೆಯುವ ಕಹಿ ಸೋರೆಯ ದೊಡ್ಡ ಬುರುಡೆಯನ್ನು ಒಣಗಿಸಿ ತಂಬೂರಿಯ ಹೊಟ್ಟೆಯನ್ನು ಮಾಡುತ್ತಾರೆ. ಮೀರಜಿನ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ಕಿರಾನಾ ಘರಾಣೆಯ ಗಾಯಕ ಅಬ್ದುಲ್ ಕರೀಂ ಖಾನರು ನೆಲೆಸಿದ್ದೂ ಅದೇ ಊರಿನಲ್ಲಿ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರ ಶಿಷ್ಯರು ಗದಗಿನ ಭೀಮಸೇನ ಜೋಶಿಯವರು. ಗುರುವಿನ ಹೆಸರಿನಲ್ಲಿ ಭೀಮಸೇನರು 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಉತ್ಸವ ಇಂದಿಗೂ ನಡೆಯುತ್ತಿದೆ. ಅಲ್ಲಿಗೆ ಹೋದವರು ಗಾಯಕರ ಹಿಂದೆ ಕೂತು ಮೀಟುವ ತಂಬೂರಿಗಳನ್ನು ಗಮನಿಸಿ ಕೇಳಬೇಕು. ತಂತಿಗಳನ್ನು ಹೊರುವ ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸಿದ ಹತ್ತಿಯ ದಾರವನ್ನು ಕೂದಲೆಳೆಯಷ್ಟು ಸರಿಸಿದಾಗ ಮಂದವಾಗಿದ್ದ ತಂತಿ ಒಮ್ಮೆಲೇ ಝೇಂಕರಿಸುವ ಆ ಕ್ಷಣವನ್ನು ಯಾವ ಯಂತ್ರವೂ ಕೊಡಲಾರದು.

ತಬಲಾ ಅಭ್ಯಾಸಕ್ಕೆ ಕೆಳಮನೆಯವರು ಆಕ್ಷೇಪಿಸುತ್ತಾರೆ. ಕಾನೂನು ಏನು ಹೇಳುತ್ತದೆ?

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲಿನಲ್ಲಿ 55 ಡೆಸಿಬಲ್, ರಾತ್ರಿ 45 ಡೆಸಿಬಲ್. ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರು. ಮನೆಯಲ್ಲಿ ನುಡಿಸುವ ವಾದ್ಯದ ಸದ್ದು ಮನೆಯ ಎಲ್ಲೆಯಲ್ಲಿ ಈ ಮಿತಿಯನ್ನು 5 ಡೆಸಿಬಲ್‌ಗಿಂತ ಹೆಚ್ಚು ಮೀರಬಾರದು. ಸಹಕಾರಿ ಸೊಸೈಟಿಗಳು ತಮ್ಮದೇ ವೇಳೆಯನ್ನು ಗೊತ್ತುಮಾಡಿರುವುದುಂಟು, ಅದನ್ನೂ ವಿಚಾರಿಸಿಕೊಳ್ಳಬೇಕು.

ಆದರೆ ಕಾನೂನಿಗಿಂತ ಮೊದಲು ಸದ್ದು ಹರಿಯುವ ದಾರಿಯನ್ನು ತಿಳಿಯುವುದು ಒಳ್ಳೆಯದು. ಕೆಳಮನೆಗೆ ತೊಂದರೆ ಕೊಡುವುದು ಬಹುಪಾಲು ಗಾಳಿಯಲ್ಲಿ ಬರುವ ಸದ್ದಲ್ಲ, ಡಗ್ಗಾದ (ಎಡಗೈಯಿಂದ ನುಡಿಸುವ ದೊಡ್ಡ ತಬಲಾದ) ಪೆಟ್ಟು ನೆಲದ ಕಾಂಕ್ರೀಟಿಗೆ ಇಳಿದು ಅಲ್ಲಿಂದ ಹರಡುವ ಗುದ್ದು. ಸಿಂಬಿಯ ಕೆಳಗೆ ಮಡಿಸಿದ ಕೌದಿ ಅಥವಾ ದಪ್ಪ ರಬ್ಬರ್ ಚಾಪೆ ಹಾಕಿದರೆ ವ್ಯತ್ಯಾಸ ಆ ದಿನವೇ ತಿಳಿಯುತ್ತದೆ. ಪಕ್ಕದ ಮನೆಯ ಗೋಡೆಗೆ ಬೆನ್ನು ಮಾಡಿ ಕೂರದೆ, ಬಟ್ಟೆಯ ಕಪಾಟು ಇರುವ ಕಡೆ ಕೂರುವುದರಿಂದಲೂ ಅನುಕೂಲವಿದೆ. ಹೊಸದಾಗಿ ಕಲಿಯುವವರು ‘ಧಾ ತಿರಕಿಟ’ವನ್ನು ಬಾಯಲ್ಲಿ ಹೇಳುತ್ತಾ ತೊಡೆಯ ಮೇಲೆ ಬೆರಳಾಡಿಸಿ ಅರ್ಧ ಅಭ್ಯಾಸವನ್ನು ಮುಗಿಸಬಹುದು.

ಫ್ಲ್ಯಾಟಿನಲ್ಲಿ ಚಂಡೆ ಅಭ್ಯಾಸ ಮಾಡಬಹುದೇ?

ಬೇಡ. ಚಂಡೆ ಬಯಲಿಗಾಗಿ ಹುಟ್ಟಿದ ವಾದ್ಯ. ಮನೆಯಲ್ಲಿ ಮರದ ಮಣೆಯ ಮೇಲೆ ಕೋಲಿನಿಂದ ಕೈ ಪಳಗಿಸಿಕೊಂಡು, ಚಂಡೆಯನ್ನು ಸಂಘದ ಸಭಾಗೃಹದಲ್ಲಿ ನುಡಿಸುವುದೇ ಸರಿಯಾದ ಕ್ರಮ.

ಅಡುಗೆಮನೆಯ ಪಾತ್ರೆಗಳನ್ನು ವಾದ್ಯವೆಂದು ಕರೆಯಬಹುದೇ?

ಖಂಡಿತವಾಗಿ. ನಮ್ಮ ಹೆಣ್ಣುಮಕ್ಕಳ ಹಾಡಿನ ದೊಡ್ಡ ಭಾಗ ಮನೆಯ ಸಾಮಾನಿನ ಜೊತೆಗೇ ಬೆಳೆದದ್ದು. ಬೀಸುವ ಪದಕ್ಕೆ ಬೀಸುಕಲ್ಲಿನ ಗುಡುಗುಡು ಶ್ರುತಿಯೂ ಹೌದು, ತಾಳವೂ ಹೌದು. ಕುಟ್ಟುವ ಪದಕ್ಕೆ ಒನಕೆಯ ಪೆಟ್ಟೇ ತಾಳ. ಕನ್ನಡದ ತ್ರಿಪದಿ ಮತ್ತು ಮರಾಠಿಯ ಜಾತ್ಯಾವರಚಿ ಓವಿ ಎರಡೂ ಅದೇ ಕಲ್ಲಿನ ಸುತ್ತ ಹುಟ್ಟಿದವು. ಪುಣೆಯ ಹೇಮಾ ರಾಯಿರ್ಕರ್ ಮತ್ತು ಗೀ ಪ್ವಾತೆವಾಂ ಅವರ ತಂಡ ಮಹಾರಾಷ್ಟ್ರದ ಹಳ್ಳಿಗಳಿಂದ ಸಂಗ್ರಹಿಸಿದ ಬೀಸುಕಲ್ಲಿನ ಹಾಡುಗಳು ಒಂದು ಲಕ್ಷವನ್ನೂ ಮೀರುತ್ತವೆ. ಮಿಕ್ಸರ್ ಬಂದ ಮೇಲೆ ನಮ್ಮ ಮನೆಗಳಲ್ಲಿ ಅಂಥ ಹಾಡು ನಿಂತದ್ದಕ್ಕೆ ಒಂದು ಕಾರಣ, ಜೊತೆಗೆ ನುಡಿಯುತ್ತಿದ್ದ ವಾದ್ಯವೇ ಮನೆ ಬಿಟ್ಟು ಹೋದದ್ದು ಎಂದು ನಾನು ತಿಳಿದಿದ್ದೇನೆ. ಅಜ್ಜಿಯಂದಿರಿಗೆ ಪದ ನೆನಪಿದ್ದರೆ ಕೇಳಿ ಬರೆದುಕೊಳ್ಳಿ. ಅವರ ಬಲಗೈ ಗಾಳಿಯಲ್ಲಿ ಕಲ್ಲು ತಿರುಗಿಸಲು ತೊಡಗಿದಾಗ ಮರೆತ ಸಾಲುಗಳೂ ಬರುತ್ತವೆ.

ಇಂದಿನ ಮನೆಯಲ್ಲೂ ಇರುವ ಒಳ್ಳೆಯ ವಾದ್ಯ ನೀರಿನ ಕೊಡ. ಖಾಲಿ ತಾಮ್ರದ ಅಥವಾ ಸ್ಟೀಲಿನ ಕೊಡವನ್ನು ಮಡಿಲಲ್ಲಿಟ್ಟುಕೊಂಡು, ಅಂಗೈಯನ್ನು ತುಸು ಬಟ್ಟಲಿನಂತೆ ಬಾಗಿಸಿ ಬಾಯಿಯ ಮೇಲೆ ಬಡಿದರೆ ಒಳಗಿನ ಗಾಳಿ ಒಟ್ಟಾಗಿ ಕಂಪಿಸಿ ‘ಘುಂ’ ಎಂಬ ತಗ್ಗಿನ ನಾದ ಬರುತ್ತದೆ. ಬೆರಳಿನಿಂದ ಹೊಟ್ಟೆಯ ಮೇಲೆ ತಟ್ಟಿದರೆ ಚುರುಕಾದ ನಾದ. ಈ ಎರಡರಿಂದಲೇ ಆದಿತಾಳದ ಭಜನೆಗೆ ಸಾಕಷ್ಟು ಸಾಥ್ ಸಿಗುತ್ತದೆ. ಉಂಗುರ, ಬಳೆಗಳನ್ನು ಮೊದಲು ತೆಗೆದಿಡಬೇಕು. ಮಣ್ಣಿನ ಮಡಕೆಯನ್ನು ಹೀಗೆ ಬಡಿಯಬೇಡಿ. ಘಟಂ ದಪ್ಪ ಗೋಡೆಯಿಟ್ಟು ವಾದನಕ್ಕೆಂದೇ ಸುಟ್ಟ ಪಾತ್ರೆ, ನೀರಿನ ಮಡಕೆ ಆ ಪೆಟ್ಟನ್ನು ತಾಳುವುದಿಲ್ಲ.

ಮನೆಯ ಬಟ್ಟಲುಗಳಿಂದ ಜಲತರಂಗ ಮಾಡುವುದು ಹೇಗೆ?

ಏಳು ಸ್ವರಗಳಿಂದ ಆರಂಭಿಸಬೇಡಿ. ಮೋಹನಕ್ಕೆ, ಅಂದರೆ ಹಿಂದೂಸ್ತಾನಿಯವರ ಭೂಪಕ್ಕೆ, ಸ ರಿ ಗ ಪ ದ ಮತ್ತು ಮೇಲಿನ ಸ ಸೇರಿ ಆರು ಬಟ್ಟಲು ಸಾಕು. ಪಿಂಗಾಣಿ ಬಟ್ಟಲುಗಳು ಉತ್ತಮ. ಸ್ಟೀಲಿನದು ಬಹಳ ಹೊತ್ತು ಮೊಳಗುತ್ತದೆ, ಆದರೆ ಅದರಲ್ಲಿ ಹಲವು ಸ್ವರಗಳು ಬೆರೆತು ಷಡ್ಜ ಯಾವುದೆಂದು ಹಿಡಿಯುವುದು ಕಷ್ಟ. ಪ್ರತಿಯೊಂದನ್ನೂ ಮಡಿಸಿದ ಬಟ್ಟೆಯ ಮೇಲಿಟ್ಟು, ತೆಳುವಾದ ಮರದ ಕಡ್ಡಿಯಿಂದ ಅಂಚಿಗೆ ಹಗುರವಾಗಿ ತಾಗಿಸಿ ಕೇಳಬೇಕು. ದೊಡ್ಡದು ಎಡಕ್ಕೆ, ಚಿಕ್ಕದು ಬಲಕ್ಕೆ.

ನೀರು ಹಾಕಿದಷ್ಟೂ ಸ್ವರ ಇಳಿಯುತ್ತದೆ, ಏಕೆಂದರೆ ಕಂಪಿಸುವ ಗೋಡೆಗೆ ನೀರಿನ ಭಾರ ಸೇರುತ್ತದೆ. ಆದ್ದರಿಂದ ಖಾಲಿಯಾಗಿದ್ದಾಗ ಬೇಕಾದ ಸ್ವರಕ್ಕಿಂತ ತುಸು ಮೇಲೆ ನುಡಿಯುವ ಬಟ್ಟಲನ್ನೇ ಆರಿಸಬೇಕು. ಖಾಲಿ ಬಟ್ಟಲೇ ತಗ್ಗಿನಲ್ಲಿದ್ದರೆ ಅದನ್ನು ಏರಿಸಲು ಯಾವ ಉಪಾಯವೂ ಇಲ್ಲ. ಮೊದಲ ಕೆಲವು ಚಮಚಗಳಿಗೆ ಸ್ವರ ಹೆಚ್ಚು ಅಲುಗುವುದಿಲ್ಲ, ಅಂಚಿನ ಹತ್ತಿರ ಬಂದಾಗ ಅರ್ಧ ಚಮಚಕ್ಕೇ ಜಾರುತ್ತದೆ. ಆಗ ಚಮಚ ಬಿಟ್ಟು ಹನಿ ಹನಿಯಾಗಿ ಹಾಕಿ, ಹೆಚ್ಚಾದರೆ ಹತ್ತಿಯ ಚೂರಿನಿಂದ ಹೀರಿ ತೆಗೆಯಬೇಕು. ಹಾರ್ಮೋನಿಯಂ ಪಕ್ಕದಲ್ಲಿದ್ದರೆ ಹೋಲಿಸಿ ನೋಡುವುದು ಸುಲಭ.

ಮಕ್ಕಳಿಗೆ ಇದರ ಜೊತೆಯಲ್ಲೇ ಬಾಟಲಿಯನ್ನೂ ಕೊಡಿ. ಬಾಟಲಿಯ ಬಾಯಿಗೆ ತುಟಿ ಹಿಡಿದು ಊದಿದಾಗ ನೀರು ಹೆಚ್ಚಾದಂತೆ ಸ್ವರ ಏರುತ್ತದೆ, ಏಕೆಂದರೆ ಅಲ್ಲಿ ಕಂಪಿಸುವುದು ಗಾಳಿ, ನೀರು ಬಂದಷ್ಟೂ ಅದಕ್ಕೆ ಜಾಗ ಕಡಿಮೆ. ಅದೇ ಬಾಟಲಿಯನ್ನು ಕಡ್ಡಿಯಿಂದ ತಟ್ಟಿದರೆ ಬಟ್ಟಲಿನಂತೆಯೇ ಸ್ವರ ಇಳಿಯುತ್ತದೆ. ಈ ಎರಡನ್ನೂ ಸ್ವತಃ ಕೇಳಿದ ಮಗುವಿಗೆ ಕೊಳಲಿನ ರಂಧ್ರ ಬಿಟ್ಟರೆ ಸ್ವರ ಏಕೆ ಏರುತ್ತದೆಂದು ವಿವರಿಸುವುದು ಕಷ್ಟವಾಗುವುದಿಲ್ಲ.

ಎಲೆ, ಕಾಗದಗಳಿಂದ ಮಾಡುವ ಪೀಪಿಗಳು ಬರೀ ಆಟಿಕೆಯೇ?

ಆಟಿಕೆಯೂ ಹೌದು, ದೊಡ್ಡ ವಾದ್ಯಗಳಿಗೆ ಪ್ರವೇಶವೂ ಹೌದು. ಹಸಿರು ತೆಂಗಿನ ಗರಿಯನ್ನು ಓರೆಯಾಗಿ ಸುತ್ತಿ, ಕಿರಿದಾದ ತುದಿಯಲ್ಲಿ ಎಲೆಯ ಎರಡು ಪದರಗಳನ್ನು ಚಪ್ಪಟೆ ಮಾಡಿ ಊದಿದರೆ ಅವು ಒಂದಕ್ಕೊಂದು ಬಡಿದು ನುಡಿಯುತ್ತವೆ. ಶಹನಾಯಿಯ, ನಾಗಸ್ವರದ ನಾಲಿಗೆ ಕೆಲಸ ಮಾಡುವುದೂ ಹೀಗೆಯೇ. ಎಲೆ ಒಣಗಿದರೆ ಸದ್ದು ನಿಲ್ಲುತ್ತದೆ. ಗೋವಾದಲ್ಲಿರುವವರಿಗೆ ಗರಿ ಅಂಗಳದಲ್ಲೇ ಸಿಗುತ್ತದೆ, ಮುಂಬಯಿಯವರು ಸೊಸೈಟಿಯ ಮಾಲಿಯನ್ನು ಕೇಳಬೇಕು. ಬಾಚಣಿಗೆಯ ಮೇಲೆ ತೆಳು ಕಾಗದ ಸುತ್ತಿ ತುಟಿಗೆ ಹಿಡಿದಾಗ ಊದಬಾರದು, ಗುನುಗಬೇಕು. ಸ್ವರ ನಮ್ಮ ಕಂಠದ್ದು, ಕಾಗದ ಅದಕ್ಕೆ ಕಂಪನವನ್ನು ಸೇರಿಸುತ್ತದೆ ಅಷ್ಟೆ.

ಗೋವಾದ ಘುಮಟವನ್ನು ಮನೆಗೆ ಕೊಳ್ಳಬಹುದೇ?

ಮೇಕೆಯ ಚರ್ಮದ್ದಾದರೆ ಸಂತೋಷದಿಂದ ಕೊಳ್ಳಿ. ಘುಮಟ ಎರಡೂ ಕಡೆ ಬಾಯಿರುವ ಮಣ್ಣಿನ ಪಾತ್ರೆ. ದೊಡ್ಡ ಬಾಯಿಗೆ ಚರ್ಮ ಕಟ್ಟಿ ಬಲಗೈಯಿಂದ ನುಡಿಸುತ್ತಾ, ಚಿಕ್ಕ ಬಾಯಿಯನ್ನು ಎಡಗೈಯಿಂದ ಮುಚ್ಚಿ ತೆರೆದು ನಾದವನ್ನು ತಿದ್ದುತ್ತಾರೆ. ಚೌತಿಯಲ್ಲಿ ಶಾಮೇಳವೆಂಬ ಚರ್ಮವಾದ್ಯ, ಕಾಂಸಾಳೆಯೆಂಬ ತಾಳಗಳೊಡನೆ ನಡೆಯುವ ಘುಮಟ ಆರತಿಯನ್ನು ಅಲ್ಲಿನ ಕನ್ನಡಿಗರೂ ತಮ್ಮದೇ ಹಬ್ಬದಂತೆ ಕೇಳುತ್ತಾರೆ. ಉತ್ತರ ಕನ್ನಡದ ಹಾಲಕ್ಕಿಗಳ ಗುಮಟೆಯನ್ನು ಬಲ್ಲವರಿಗೆ ಅದು ಹೊಸದೂ ಅಲ್ಲ. ಹಿಂದೆ ಇದಕ್ಕೆ ಉಡದ ಚರ್ಮ ಕಟ್ಟುತ್ತಿದ್ದರು. ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವುದರಿಂದ ಅಂಥ ಘುಮಟವನ್ನು ಕೊಳ್ಳುವುದು, ಮಾರುವುದು ಅಪರಾಧ. ಮೇಕೆಯ ಚರ್ಮದ ಘುಮಟವನ್ನು ಗೋವಾ ಸರ್ಕಾರವೂ ಪಾರಂಪರಿಕ ವಾದ್ಯವೆಂದು ಮಾನ್ಯ ಮಾಡಿದೆ. ಹೊಸ ಚರ್ಮದ ನಾದ ತೆಳು ಎನ್ನುವವರಿದ್ದಾರೆ. ಒಂದು ಪ್ರಾಣಿಯ ಜೀವಕ್ಕಿಂತ ಆ ವ್ಯತ್ಯಾಸ ದೊಡ್ಡದಲ್ಲ.

ಟೈಪ್‌ರೈಟರಿನ ಗುಂಡಿಗಳಿರುವ ಬ್ಯಾಂಜೋ ಎಲ್ಲಿಂದ ಬಂತು?

ಜಪಾನಿನಿಂದ. 1912ರಲ್ಲಿ ನಗೋಯಾದ ಗೊರೊ ಮೊರಿಟಾ ಅವರು ರೂಪಿಸಿದ ತೈಶೊಗೊತೊ ಇಲ್ಲಿಗೆ ಬಂದು ಬುಲ್‌ಬುಲ್ ತರಂಗವಾಯಿತು, ಬ್ಯಾಂಜೋ ಆಯಿತು. ಒಬ್ಬರೇ ಕೂತು ಹಾಡಿನ ಧಾಟಿಯನ್ನು ನುಡಿಸಲು ಇಷ್ಟು ಬೇಗ ಕೈಗೂಡುವ ತಂತಿವಾದ್ಯ ಮತ್ತೊಂದಿಲ್ಲ.

ಮಕ್ಕಳನ್ನು ಪರೀಕ್ಷೆಗೆ ಕೂರಿಸಬೇಕೇ?

ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪ್ರಾರಂಭಿಕದಿಂದ ವಿಶಾರದ, ಅಲಂಕಾರದವರೆಗಿನ ಪರೀಕ್ಷೆಗಳು ಮಹಾರಾಷ್ಟ್ರದಲ್ಲಿ ಚೆನ್ನಾಗಿ ಬೇರೂರಿವೆ, ಹಾರ್ಮೋನಿಯಂ, ತಬಲಾ ಎರಡಕ್ಕೂ ಉಂಟು. ಮಗು ಹಬ್ಬದ ದಿನ ಮನೆಯವರ ಹಾಡಿಗೆ ಸಾಥ್ ನೀಡುವಷ್ಟು ಧೈರ್ಯ ತಂದುಕೊಂಡ ಮೇಲೆ ಪರೀಕ್ಷೆಗೆ ಕಳಿಸುವುದು ಮೇಲು.

ಆಯುಧಪೂಜೆಯಂದು ವಾದ್ಯಗಳಿಗೆ ಅರಿಶಿನ ಕುಂಕುಮ ಹಚ್ಚಬಹುದೇ?

ಪೆಟ್ಟಿಗೆಯ ಮರದ ಮುಚ್ಚಳಕ್ಕೆ ಒಂದು ಬೊಟ್ಟು ಸಾಕು. ಮನೆಗಳ ಸಂದಿಗೆ ಕುಂಕುಮದ ಪುಡಿ ಇಳಿದರೆ ಅದು ರೀಡಿನವರೆಗೆ ಹೋಗುತ್ತದೆ, ತಬಲಾದ ಶಾಯಿಗೆ, ಅಂದರೆ ಚರ್ಮದ ಮೇಲಿನ ಕಪ್ಪು ಲೇಪಕ್ಕೆ, ನೀರು ತಾಗಿದರೆ ಅದು ಬಿರುಕು ಬಿಟ್ಟು ಉದುರುತ್ತದೆ. ಹೂವನ್ನು ಪಕ್ಕದಲ್ಲಿಡಿ, ಊದುಬತ್ತಿಯನ್ನು ದೂರದಲ್ಲಿಡಿ, ವಿಜಯದಶಮಿಯ ಬೆಳಿಗ್ಗೆ ತಪ್ಪದೆ ನುಡಿಸಿ.

ಊರಿನ ಮನೆಯಲ್ಲಿ ಅಜ್ಜನ ಕಾಲದ ಕಾಲುಪೆಟ್ಟಿಗೆ ಇದೆ. ತಂದು ದುರಸ್ತಿ ಮಾಡಿಸುವುದು ಲಾಭವೇ?

ಕಾಲಿನಿಂದ ತಿದಿ ಒತ್ತುವ ಆ ಹಾರ್ಮೋನಿಯಂ ಕಂಪನಿ ನಾಟಕಗಳ, ಮರಾಠಿ ಸಂಗೀತ ನಾಟಕಗಳ ಜೀವಾಳವಾಗಿತ್ತು. ಎರಡೂ ಕೈ ಬಿಡುವಾಗಿರುವುದರಿಂದ ವಾದಕರು ಅದರಲ್ಲಿ ಏನನ್ನೂ ಮಾಡಬಲ್ಲವರಾಗಿದ್ದರು. ತರುವ ಮೊದಲು ಮುಚ್ಚಳ ತೆಗೆದು ರೀಡುಗಳನ್ನು ನೋಡಿ. ಹಳೆಯ ಜರ್ಮನ್ ಅಥವಾ ಪ್ಯಾರಿಸ್ ರೀಡುಗಳು ಮುರಿಯದೆ ಉಳಿದಿದ್ದರೆ, ಮರವನ್ನು ಗೆದ್ದಲು ತಿಂದಿದ್ದರೂ ಪೆಟ್ಟಿಗೆಯನ್ನು ಉಳಿಸಿಕೊಳ್ಳಬೇಕು. ತಿದಿಯ ಚರ್ಮ, ಬಟ್ಟೆ, ಸ್ಪ್ರಿಂಗುಗಳೆಲ್ಲ ಹೊಸದಾಗಿ ಸಿಗುತ್ತವೆ, ಆ ರೀಡುಗಳು ಸಿಗುವುದಿಲ್ಲ. ರೀಡು ಹೋಗಿದ್ದು ಮರ ಮಾತ್ರ ಉಳಿದಿದ್ದರೆ ದುರಸ್ತಿಯ ಹಣದಲ್ಲಿ ಹೊಸ ಕೈಪೆಟ್ಟಿಗೆ ಬರುತ್ತದೆ. ಸಾಗಿಸುವಾಗ ತಿದಿಯನ್ನು ಮುಚ್ಚಿ ದಾರದಿಂದ ಕಟ್ಟಿ, ಮನೆಗಳ ಮೇಲೆ ಮಡಿಸಿದ ಬಟ್ಟೆ ಇಟ್ಟು ಮುಚ್ಚಳ ಹಾಕಿ, ಪೆಟ್ಟಿಗೆಯನ್ನು ನೆಟ್ಟಗೇ ನಿಲ್ಲಿಸಿ ತರಬೇಕು. ಮಳೆಗಾಲ ಮುಗಿದು ದೀಪಾವಳಿ ಕಳೆದ ಮೇಲೆ ತಂದರೆ ಮರ ಒಣಗಿರುತ್ತದೆ, ಶ್ರುತಿ ಮಾಡುವವರಿಗೂ ಕೆಲಸ ಸುಲಭವಾಗುತ್ತದೆ.